ಉಪ್ಪಲ್ ಗಂಗವ್ವನ ಮಿನರಲ್ ವಾಟರ್

ಹೈದರಾಬಾದ್‌ನ್ಯಾಗ ಆಹಾರ ಇಲಾಖೆ ಇನ್ಸ್‌ಪೆಕ್ಟರ್ ಆದವಗ ನಗೋ ಪ್ರಸಂಗಕ್ಕ ಬರ ಇಲ್ರಿ. ನಗಾಕ ಮನಸ್ಸು ಇರಬೇಕಷ್ಟ.

೧. ಡಾಕ್ಟರ್ ಮುಂದ

ಮಗಳಿಗೆ ಕಾಮಾಲಿ ಆತು. ದಿಲ್‌ಸುಖ್‌ನಗರದ ಡಾಕ್ಟರ್, "ಯಾವ ನೀರು ಕುಡೀತೀರಿ?" ಅಂದ್ರು. ನನ್ನ ಹೆಂಡ್ತಿ ಎದಿ ಉಬ್ಬಿಸಿ, "ಮಿನರಲ್ ವಾಟರ್ರಿ! ಕ್ಯಾನ್ ತರಸ್ತೀವಿ" ಅಂದ್ಲು.

ಸರಕಾರ ಒಪ್ಪಿದ ಜಲಮೂಲದಾಗ ಹುಟ್ಟಿ, ಅಲ್ಲೇ ಬಾಟ್ಲಿ ತುಂಬಿದ ನೀರಿಗಷ್ಟ ಆ ಹೆಸರು ಇಡಬೇಕಂತ ಕಾನೂನು ಐತಿ. ಬೋರ್ ನೀರು ಸೋಸಿ ಮಾರಿದ್ರ ಅದು ಬರೇ ಕುಡಿಯೋ ನೀರು. ಇದನ್ನ ಊರಿಗೆಲ್ಲ ಹೇಳೋದ ನನ್ನ ನೌಕರಿ. ಮನ್ಯಾಗ ಹೇಳಿದ್ರ ಆಕಿ, "ನಿಮ್ಮ ಕಾನೂನು ಆಫೀಸಿನ್ಯಾಗ ಇಟ್ಕೋರಿ" ಅಂದಿದ್ಲು.

ಡಾಕ್ಟರ್ ನನ್ನ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಿ?" ಅಂದ್ರು. "ಏನೋ ಒಂದು, ಸರಕಾರಿ ನೌಕರಿರಿ" ಅಂದೆ.

೨. ಚಪ್ಪಲ್ ಬಿಡ್ರಿ

ಸಿಟ್ಟು ನೆತ್ತಿಗೇರಿತ್ತು. ಮರುದಿನ ಆ ಕ್ಯಾನ್ ತುಂಬೋ ಉಪ್ಪಲ್‌ನ ಶೆಡ್ಡಿಗೆ ಹೋದೆ. ಮಾಲಕ ನಮ್ಮ ಕಲಬುರಗಿ ಕಡೆಯವನ. "ನೀರು ಎಲ್ಲಿಂದ ತರ್ತಿ, ತೋರ್ಸು" ಅಂದೆ.

"ಚಪ್ಪಲ್ ಬಿಡ್ರಿ ಸಾಹೇಬ್ರ, ಒಳಗ ಗಂಗವ್ವ ಅದಾಳ!"

ಬೋರಿಗೆ ಅರಿಷಿಣ, ಕುಂಕುಮ, ಹೂವಿನ ಮಾಲಿ. ಮಗ್ಗಲಕ್ಕ ತುಂಬಿದ ಗಟಾರ. ನನ್ನ ಬರಿಗಾಲು ಗಟಾರದ ರಾಡ್ಯಾಗ ಹೋತು.

"ಫಿಲ್ಟರ್ ಎಲ್ಲೈತೋ?"

"ಕೆಟ್ಟು ಭಾಳ ದಿನ ಆತ್ರಿ."

"ಮತ್ತ ಕ್ಯಾನ್ ಮ್ಯಾಲೆ ಮಿನರಲ್ ಅಂತ ಯಾಕ ಬರದಿ?"

"ಮಿನರಲ್ ನೀರು ಹುಟ್ಟಿದ ಹಂಗ ಇರಬೇಕಂತ ನಿಮ್ಮ ಕಾನೂನ ಹೇಳತೈತಲ್ರಿ. ನಾವು ಒಂಚೂರೂ ಕೈ ಹಚ್ಚಿಲ್ರಿ!"

೩. ಒಂದು ಗುಟುಕು

ಅಲ್ಲಿಂದ ತಂದ ನೀರಿನ ಸ್ಯಾಂಪಲ್ ಲ್ಯಾಬಿನ್ಯಾಗ ಫೇಲಾತು. ಶೆಡ್ಡಿಗೆ ಬೀಗ ಹಾಕಾಕ ನಮ್ಮ ಇಲಾಖೆ ದೊಡ್ಡ ಸಾಹೇಬ್ರ ಸಹಿ ಬೇಕು. ಕೇಳಿದಾಗೆಲ್ಲ, "ನೋಡೂಣು, ತಡೀರಿ" ಅಂತಿದ್ರು. ಅತ್ತ ಮಗಳು ಹಾಸಿಗಿ ಬಿಟ್ಟು ಎದ್ದಿರಲಿಲ್ಲ, ಓಣಿ ತುಂಬ ಅದ ಕ್ಯಾನ್ ಹೊಂಟಿದ್ವು.

ಒಂದಿನ ಮಾಲಕ ಸಾಹೇಬ್ರ ಕೈಕಾಲು ಹಿಡಿಯಾಕ ನಮ್ಮ ಬೇಗಂಪೇಟೆ ಆಫೀಸಿಗೆ ಬಂದ. ನಾನೂ ಅಲ್ಲೇ ಮಗ್ಗಲಕ್ಕ ನಿಂತಿದ್ದೆ. ಅಟೆಂಡರ್ ಇಬ್ಬರಿಗೂ ನೀರು ತಂದಿಟ್ಟ. ಸಾಹೇಬ್ರು ಒಂದು ಗುಟುಕು ಕುಡಿದ್ರು. ಮಾಲಕ ಗ್ಲಾಸು ಸರಿಸಿ, ಚೀಲದಾಗಿಂದ ತನ್ನ ಬಾಟ್ಲಿ ತಗದ.

"ಯಾಕಪಾ, ಇದನ್ನ ಕುಡಿ" ಅಂದ್ರು ಸಾಹೇಬ್ರು.

"ಬ್ಯಾಡ್ರಿ ಸಾಹೇಬ್ರ, ಮನಿ ನಳದ ನೀರು ಕುದಿಸಿ ತಂದೀನಿ. ನಿಮ್ಮ ಆಫೀಸಿಗೆ ಕ್ಯಾನ್ ಹಾಕವರು ನಾವ ಅಲ್ಲೇನ್ರಿ!"

ಸಾಹೇಬ್ರು ಗ್ಲಾಸು ಕೆಳಗಿಟ್ಟು, ನನ್ನ ಕಡೆ ಕೈ ಚಾಚಿ, "ಪೆನ್ ಕೊಡ್ರಿ" ಅಂದ್ರು.

ನನ್ನ ಮಗಳ ಕಾಮಾಲಿಗೆ ಬೀಳದ ಸಹಿ ಸಾಹೇಬ್ರ ಒಂದು ಗುಟುಕಿಗೆ ಬಿತ್ತು.