ಸದ್ದು ಮಾಡದ ಫ್ಯಾನು

ಆ ಒಂದು ಸಾಲು ಬರೆಯಬಾರದಿತ್ತು. ಬಸ್ಸಿನ ಕಿಟಕಿಗೆ ಹಣೆಯಾನಿಸಿಕೊಂಡು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದು ಇದೊಂದನ್ನೇ. ಬೇರೆ ಯಾರಿಗಾದರೂ ಹೇಳುವಷ್ಟು ಧೈರ್ಯ ಅವಳಿಗಿರಲಿಲ್ಲ. ಕಾಲು ತುಳಿದವರಿಗೂ ತಾನೇ ಮೊದಲು ಸಾರಿ ಎನ್ನುವ ಜೀವ ಅದು.

ಪದವಿ ಮುಗಿಸಿದವಳಿಗೆ ಸಿಕ್ಕಿದ್ದು ಫ್ಯಾನ್ ಕಂಪನಿಯೊಂದರ ದೂರು ವಿಭಾಗದಲ್ಲಿ ಉತ್ತರ ಬರೆಯುವ ಕೆಲಸ. ಆದರೆ ಅಲ್ಲಿ ಬರೆಯುವುದಕ್ಕೇನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಹತ್ತು ಉತ್ತರಗಳು ಮೊದಲೇ ತಯಾರಾಗಿ ಕೂತಿದ್ದವು. ನಂಬರು ಒತ್ತಿದರೆ ಸಾಕು, ಗಿರಾಕಿಯ ಮೊಬೈಲಿಗೆ ವಿಷಾದ ಹೋಗಿ ಬೀಳುತ್ತಿತ್ತು. ವಿಭಾಗದವರ ಮಾತೂ ಹಾಗೇ ಆಗಿಹೋಗಿತ್ತು. ಪಕ್ಕದ ಮೇಜಿನ ಅಕ್ಕ, ಗಂಡ ಫೋನಿನಲ್ಲಿ ರೇಗಿದರೆ, "ಅವರಿಗೆ ನಾಲ್ಕನೇದು ಹೇಳ್ಬಿಟ್ಟೆ ಕಣೇ" ಎಂದು ಕೆಲಸಕ್ಕೆ ತಿರುಗುತ್ತಿದ್ದಳು. ನಾಲ್ಕನೆಯದೆಂದರೆ, 'ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.'

ಹೀಗಿರುವಾಗ ಒಬ್ಬ ಅಜ್ಜಿಯ ಕಾಗದ ಬಂತು, ಶಾಯಿಯಲ್ಲಿ ಬರೆದದ್ದು. ಹೊಸ ಫ್ಯಾನು ಸದ್ದೇ ಮಾಡುವುದಿಲ್ಲ. ಹಳೆಯದು ಕಿರುಗುಟ್ಟುತ್ತಿದ್ದರೆ ಕೋಣೆಯಲ್ಲಿ ಇನ್ನೊಬ್ಬರು ಇದ್ದಂತಿತ್ತು. ಈಗ ನಿದ್ದೆಯಿಲ್ಲ ಎಂಬುದು ದೂರು. ಅಕ್ಕ 'ಸದ್ದು' ಎಂಬಷ್ಟನ್ನೇ ನೋಡಿ ಆರನೆಯದನ್ನು ಒತ್ತಿದಳು: 'ಸದ್ದನ್ನು ಸಂಪೂರ್ಣವಾಗಿ ನಿಲ್ಲಿಸಿಕೊಡಲಾಗುವುದು.' ಅಜ್ಜಿಯಿಂದ ಇನ್ನೊಂದು ಕಾಗದ ಬಂತು.

ಅದಕ್ಕೆ ಇವಳು ಗುಟ್ಟಾಗಿ, ಕೈಯಾರೆ, ಪುಟಗಟ್ಟಲೆ ಉತ್ತರ ಬರೆದು ಅಂಚೆಗೆ ಹಾಕಿದಳು. ಅಮ್ಮನ ಹೊಲಿಗೆ ಯಂತ್ರದ ಸದ್ದು ಕೇಳದಿದ್ದರೆ ತನಗೂ ಚಿಕ್ಕಂದಿನಲ್ಲಿ ನಿದ್ದೆ ಹತ್ತುತ್ತಿರಲಿಲ್ಲ ಎಂದೆಲ್ಲ ಬರೆದು, ಅದೇ ಹುರುಪಿನಲ್ಲಿ ಆ ಸಾಲನ್ನೂ ಸೇರಿಸಿದಳು: 'ಸ್ವಲ್ಪ ತಾಳ್ಮೆಯಿರಲಿ ಅಜ್ಜಿ, ನಮ್ಮ ಕಂಪನಿಯ ಫ್ಯಾನು ಒಂದೆರಡು ವರ್ಷಕ್ಕೆ ತಾನಾಗಿಯೇ ಕಿರುಗುಟ್ಟತೊಡಗುತ್ತದೆ.'

ಇವತ್ತು ಅವಳ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂದು ಮ್ಯಾನೇಜರು ಹೇಳುವ ದಿನ. ಅಕ್ಕ ಆಫೀಸಿನ ಬಾಗಿಲಲ್ಲೇ ಅವಳನ್ನು ಹಿಡಿದಳು.

"ಯಾರೋ ಅಜ್ಜಿ ಬಂದು ಸಾಹೇಬ್ರ ರೂಮಲ್ಲಿ ಕೂತಿದ್ದಾರೆ. ಕೈಯಲ್ಲಿರೋ ಕಾಗದದ ಅಕ್ಷರ ಮಾತ್ರ ನಿಂದೇ."

ಅಷ್ಟರಲ್ಲಿ ಸುದ್ದಿಗೆ ಕಾಲು ಬಂದಿತ್ತು. ಲೆಕ್ಕದವರು ಅಜ್ಜಿಯ ಜೊತೆ ವಕೀಲರನ್ನೂ ಸೇರಿಸಿದರು. ಗೋದಾಮಿನವರು ವಕೀಲರಿಗೆ ಕರಿಕೋಟು ತೊಡಿಸಿ ಕೋರ್ಟಿನ ತಾರೀಖನ್ನೂ ಕೊಟ್ಟರು. ತಪ್ಪೊಪ್ಪಿಕೊಂಡು ಕಾಲಿಗೆ ಬೀಳೆಂದು ಒಬ್ಬರು, ಅಕ್ಷರ ನನ್ನದಲ್ಲವೆಂದು ಸಾಧಿಸು ಎಂದು ಇನ್ನೊಬ್ಬರು. ಎರಡೂ ಆಗದೆ ಅವಳು ಗೋದಾಮಿಗೆ ಹೋಗಿ ಫ್ಯಾನಿನ ರೆಕ್ಕೆಗಳ ರಾಶಿಯ ಹಿಂದೆ ಕೂತಳು. ಉಸಿರು ಬಿಗಿಹಿಡಿದವಳಿಗೆ ಸೀನು ಬಂತು. ರಾಶಿ ಜರಿಯಿತು. ಮದುವೆಮನೆಯ ಪಾತ್ರೆಗಳೆಲ್ಲ ಒಟ್ಟಿಗೆ ಮೆಟ್ಟಿಲಿಳಿದ ಹಾಗೆ ಸದ್ದಾಗಿ, ಅಡಗಿದ್ದವಳ ವಿಳಾಸ ಇಡೀ ಕಂಪನಿಗೆ ತಿಳಿಯಿತು.

ಅವಳನ್ನು ಕರೆದೊಯ್ದ ಮ್ಯಾನೇಜರ ಕೋಣೆಯಲ್ಲಿ ವಕೀಲರಿರಲಿಲ್ಲ. ಕನ್ನಡಕ ಏರಿಸಿಕೊಂಡ ಅಜ್ಜಿ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದರು. ಬಾಗಿಲ ತುಂಬ ಜನ. ಆ ಸಾಲು ಬಂದಾಗ ಅವಳು ಒಳಗಿಳಿದುಹೋಗಲು ನೆಲದ ಹಾಸುಗಲ್ಲುಗಳಲ್ಲಿ ಯಾವುದಾದರೂ ಸಡಿಲವಿದೆಯೇ ಎಂದು ಹುಡುಕುತ್ತಿದ್ದಳು.

"ಇದನ್ನ ಓದಿದ ರಾತ್ರಿ ನಿದ್ದೆ ಬಂತು ಮಗಳೇ," ಎಂದರು ಅಜ್ಜಿ. "ಇಲ್ಲಿ ನಿಜ ಹೇಳೋರು ಯಾರಪ್ಪಾ ಅಂತ ನೋಡಿಕೊಂಡು ಹೋಗೋಣ ಅಂತ ಬಂದೆ."

ಹೋಗುವಾಗ ತಮ್ಮ ಇಬ್ಬರು ಹೆಣ್ಣುಮಕ್ಕಳ ಮನೆಗೂ ಫ್ಯಾನು ಬೇಕೆಂದು ಹೇಳಿ ಹೋದರು.

ಮ್ಯಾನೇಜರು ಕುರ್ಚಿಯಿಂದ ಎದ್ದೇ ನಿಂತರು. ಇಂಥ ಕಾಗದವನ್ನು ಒಬ್ಬ ಮುದುಕಿಗಷ್ಟೇ ಕಳಿಸಿ ದಂಡ ಮಾಡಿದ್ದೀರಲ್ಲ ಎಂದು ಗದರಿದರು. ಕಿರುಗುಟ್ಟುವ ಸಾಲೊಂದನ್ನು ತೆಗೆದು, ಉಳಿದದ್ದನ್ನು ಹನ್ನೊಂದನೇ ಉತ್ತರವಾಗಿ ಕಂಪ್ಯೂಟರಿಗೆ ಏರಿಸಲು ಅಕ್ಕನಿಗೆ ಹೇಳಿದರು. ಇನ್ನು ಮೇಲೆ ಅಮ್ಮ, ಹೊಲಿಗೆ ಯಂತ್ರ ಸಮೇತ ಎಲ್ಲ ಗಿರಾಕಿಗಳಿಗೂ ಅದು ತಾನಾಗಿಯೇ ಹೋಗುತ್ತದಂತೆ.

"ನಿಮ್ಮನ್ನ ಕಾಯಂ ಮಾಡೋಣ ಅಂತಲೇ ಇದ್ದೆ ಕಣಮ್ಮ," ಎಂದರು ಆಮೇಲೆ, ನಿಜವಾಗಿ ನೊಂದುಕೊಂಡೇ. "ಆದ್ರೆ ಇಷ್ಟು ಚೆನ್ನಾಗಿ ಬರೆದುಕೊಟ್ಟ ಮೇಲೆ ಇನ್ನು ಬರೆಯೋಕೆ ಏನು ಉಳೀತು ಹೇಳಿ?"

ಅಕ್ಕ ಆಗಲೇ ಟೈಪು ಮಾಡುತ್ತಿದ್ದಳು. ಎದುರಾಡಿ ಗೊತ್ತಿಲ್ಲದ ಇವಳು ಮೊದಲ ಸಲ ಬಾಯಿ ತೆರೆದಳು.

"ಸಾರ್, ಅದು ಎಲ್ಲರಿಗೂ ಬರೆದದ್ದಲ್ಲ. 'ನಿಮ್ಮೊಬ್ಬರನ್ನೇ ಮನಸ್ಸಲ್ಲಿಟ್ಟುಕೊಂಡು ಬರೀತಿದ್ದೀನಿ ಅಜ್ಜಿ' ಅಂದ್ಕೊಂಡು, ಅವರಿಗೆ ಮಾತ್ರ ಬರೆದದ್ದು."

ಮ್ಯಾನೇಜರ ಕಣ್ಣುಗಳು ತೇವವಾದವು. ಅವರು ಅಕ್ಕನ ಕಡೆ ತಿರುಗಿದರು.

"'ನಿಮ್ಮೊಬ್ಬರನ್ನೇ ಮನಸ್ಸಲ್ಲಿಟ್ಟುಕೊಂಡು.' ಇದನ್ನ ಹನ್ನೊಂದನೇದರಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿ."