ಗಣಪತಿಯ ಬೆನ್ನಿಗಂಟಿದ ಬಿಲ್ಲೆ

ಮೊಬೈಲ್ ಅಂಗಡಿ ಇಟ್ಟವನಿಗೆ ನಗೆಗೆ ಬರಗಾಲ ಅಂತ ಬರುವುದಿಲ್ಲ. ಬೆಟಗೇರಿಯಲ್ಲಿ ನನ್ನದೊಂದು ಅಂಗಡಿ ಇದೆ. ಬೆಳಿಗ್ಗೆ ಬಾಗಿಲೆತ್ತಿ ಕಸ ಹೊಡೆಯುವಷ್ಟರಲ್ಲಿ ಒಂದಾದರೂ ಪ್ರಸಂಗ ತಾನಾಗಿ ನಡೆದುಬಂದು ಕೌಂಟರಿನ ಮುಂದೆ ನಿಂತಿರುತ್ತದೆ. ಈ ವರ್ಷ ಬಂದವೆಲ್ಲ ಒಂದೇ ಸಾಮಾನಿನ ಸುತ್ತ ಹುಟ್ಟಿದವು.

ಆ ಸಾಮಾನು ಎನ್‌ಎಫ್‌ಸಿ ಟ್ಯಾಗ್. ರೂಪಾಯಿ ನಾಣ್ಯದಷ್ಟಗಲದ ಸ್ಟಿಕರ್. ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ, ಎಳ್ಳುಕಾಳಿನಷ್ಟು ಚಿಪ್. ಬ್ಯಾಟರಿ ಇಲ್ಲ, ಚಾರ್ಜಿಂಗ್ ಇಲ್ಲ. ಏನು ಮಾಡಬೇಕು ಅನ್ನುವುದನ್ನು ನಮ್ಮ ಫೋನಿನಿಂದಲೇ ಅದರಲ್ಲಿ ಬರೆದು ಎಲ್ಲಾದರೂ ಅಂಟಿಸಿದರೆ ಆಯಿತು. ಆಮೇಲೆ ಫೋನಿನ ಬೆನ್ನು ತಾಗಿಸಿದಾಗಲೆಲ್ಲ ಫೋನು ಆ ಕೆಲಸ ಮಾಡುತ್ತದೆ. ವೈಫೈಗೆ ಸೇರು ಅಂದರೆ ಸೇರುತ್ತದೆ, ಸುಮ್ಮನಿರು ಅಂದರೆ ಸುಮ್ಮನಿರುತ್ತದೆ. ಇಷ್ಟು ಹೇಳಿದ ಮಾತು ಕೇಳುವವರನ್ನು ನಾನು ನಮ್ಮ ಮನೆಯಲ್ಲಂತೂ ಕಂಡಿಲ್ಲ. ಟ್ಯಾಗ್ ಅನ್ನುವ ಹೆಸರು ಗಿರಾಕಿಗಳ ಬಾಯಿಗೆ ಹತ್ತಲಿಲ್ಲ, ಬಿಲ್ಲೆ ಅಂತ ನಾನೇ ನಾಮಕರಣ ಮಾಡಿದೆ. ಗದಗ-ಬೆಟಗೇರಿಯಲ್ಲಿ ಬಿಲ್ಲೆಯ ವಿಷಯ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಸಂಕೋಚ ಪಟ್ಟುಕೊಂಡು ಹೇಳಿದರೂ ಇಷ್ಟೇ ಹೇಳಬೇಕಾಗುತ್ತದೆ.

ಅದೇ ಹೊತ್ತಿಗೆ ಶಿರಹಟ್ಟಿಯಲ್ಲಿ ನನ್ನ ನಾದಿನಿಯ ಮದುವೆ ಗೊತ್ತಾಗಿತ್ತು. ಎಲ್ಲ ಸರಿ ಇತ್ತು, ಒಂದೇ ಒಂದು ತೊಡಕು. ನನ್ನ ಮಾವನಿಗೂ ಮುಂಡರಗಿಯಲ್ಲಿರುವ ಅವರ ಅಣ್ಣನಿಗೂ ಏಳು ವರ್ಷದಿಂದ ಮಾತಿಲ್ಲ. ಬದುವಿನ ಮೇಲಿನ ಬೇವಿನ ಮರವೊಂದನ್ನು ಅಣ್ಣ ಕೇಳದೆ ಕಡಿಸಿದ್ದೇ ಕಾರಣ. ಮರ ಹೋಗಿ ಏಳು ವರ್ಷವಾದರೂ ಸಿಟ್ಟು ಚಿಗುರುತ್ತಲೇ ಇತ್ತು. ನಾದಿನಿ ಮಾತ್ರ ಗಟ್ಟಿಗಿತ್ತಿ. ದೊಡ್ಡಪ್ಪ ಬರದಿದ್ದರೆ ತಾನು ಅಕ್ಷತೆಗೆ ನಿಲ್ಲುವುದಿಲ್ಲ ಅಂತ ಅಡುಗೆಮನೆಯಲ್ಲಿ ನಿಂತು ಒಂದೇ ಮಾತು ಹೇಳಿ ರೊಟ್ಟಿ ಬಡಿಯಲು ಕೂತಿದ್ದಳು. ತಮ್ಮ ತಾನಾಗಿ ಫೋನ್ ಮಾಡಬೇಕು ಅಂತ ಅಣ್ಣ, ಹಿರಿಯನಾದವನು ಮೊದಲು ಮಾತಾಡಲಿ ಅಂತ ತಮ್ಮ. ಮದುವೆಗೆ ಎರಡು ತಿಂಗಳಿತ್ತು. ನಾನು ಅಂಗಡಿಯಲ್ಲಿ ಬಿಲ್ಲೆ ಮಾರುತ್ತ ಇದನ್ನೇ ಯೋಚಿಸುತ್ತಿದ್ದೆ.

೧. ಫೋನಿಗೊಂದು ತಾಯತ

ಮುಳಗುಂದದ ಕಿರಾಣಿ ವ್ಯಾಪಾರಿಯೊಬ್ಬರಿಗೆ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಫೋನು ಬಡಿದುಕೊಳ್ಳಬಾರದು ಅಂತ ಆಸೆ. ತಾಗಿಸಿದರೆ ಫೋನು ಮೌನವಾಗುವ ಹಾಗೆ ಒಂದು ಬಿಲ್ಲೆ ಬರೆದುಕೊಟ್ಟೆ. ಮಂಚದ ತಲೆಕಡೆ ಅಂಟಿಸಿ, ಮಲಗುವಾಗ ತಾಗಿಸಿ ಮಲಗಿ ಅಂತ ಎರಡು ಸಲ ಹೇಳಿದೆ.

ಎಂಟು ದಿನಕ್ಕೆ ಗಂಡಹೆಂಡಿರಿಬ್ಬರೂ ಬಂದರು. ಯಜಮಾನರು ಫೋನು ಕೆಟ್ಟಿದೆ, ಬಡಿಯುವುದೇ ಇಲ್ಲ ಅನ್ನುತ್ತಾರೆ. ಅವರ ಮನೆಯವರು ಫೋನು ಕೆಟ್ಟಿಲ್ಲ, ಇವರೇ ಎತ್ತುವುದಿಲ್ಲ ಅನ್ನುತ್ತಾರೆ. ನಾನು ಫೋನಿನ ದನಿ ಏರಿಸಿ ಕೊಟ್ಟೆ. ಯಜಮಾನರು ಪರೀಕ್ಷೆಗೆಂದು ಫೋನು ತೆರೆದರು, ತಕ್ಷಣ ಮತ್ತೆ ಮೌನ. ಮೂರು ಸಲ ಹೀಗೆಯೇ ಆಯಿತು. ಕಡೆಗೆ ಫೋನಿನ ಹಿಂದಿನ ಕವರು ಬಿಚ್ಚಿದೆ. ಹತ್ತರ ನೋಟು, ಅದರಡಿ ಮನೆದೇವರ ಫೋಟೋ, ಅದರಡಿ ನನ್ನ ಬಿಲ್ಲೆ. ಪಾಪ, ಅದರ ತಪ್ಪೇನಿದೆ. ಫೋನು ತೆರೆದಾಗೊಮ್ಮೆ ಬೆನ್ನಿಗೇ ಕೂತು ಸುಮ್ಮನಿರು ಸುಮ್ಮನಿರು ಅಂತ ಹೇಳುತ್ತಿತ್ತು.

ಮಂಚಕ್ಕೆ ಹಚ್ಚಿರಿ ಅಂದಿದ್ದೆನಲ್ಲ ಅಂದರೆ, "ಬರದು ಕೊಟ್ಟದ್ದು ಮೈಮ್ಯಾಲ ಇರಬೇಕಲ್ರಿ, ಮಂಚಕ್ಕ ಯಾಕ ಹಚ್ಚೂದು?" ಅಂದರು. ಅಷ್ಟರಲ್ಲಿ ಅವರ ಮನೆಯವರು ಬಿಲ್ಲೆಯನ್ನು ಕೈಗೆತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಬಹಳ ಗಂಭೀರವಾಗಿ ಕೇಳಿದರು. "ಇದನ್ನ ಇವರಿಗೇ ಹಚ್ಚಿದ್ರ ಕೆಲಸ ಮಾಡ್ತೈತೇನ್ರಿ?"

೨. ಕಬ್ಬಿಣಕ್ಕೆ ಹೆದರುವುದು

ಹೊಂಬಳದ ರೈತರೊಬ್ಬರು ಟ್ರ್ಯಾಕ್ಟರಿಗೆ ಬಿಲ್ಲೆ ಬೇಕೆಂದು ಬಂದರು. ಒಳ್ಳೆಯ ಉಪಯೋಗವೇ. ಮೂವರು ಅಣ್ಣತಮ್ಮಂದಿರ ನಡುವೆ ಒಂದು ಟ್ರ್ಯಾಕ್ಟರು, ಎಣ್ಣೆ ಯಾವಾಗ ಬದಲಿಸಿದ್ದು ಅಂತ ದಿನಾ ತಕರಾರು. ಬಾನೆಟ್ಟಿಗೆ ಫೋನು ತಾಗಿಸಿದರೆ ಬರೆದಿಟ್ಟದ್ದು ತೆರೆದುಕೊಳ್ಳುವ ಹಾಗೆ ಮಾಡಿಕೊಟ್ಟೆ. ಅಂಗಡಿಯಲ್ಲಿ ಚಂದ ಕೆಲಸ ಮಾಡಿತು.

ಮರುದಿನ ಅವರು ಟ್ರ್ಯಾಕ್ಟರನ್ನೇ ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸಿದರು. ಓಣಿ ಬಂದಾಯಿತು, ಮಂದಿ ಸೇರಿತು. ಬಿಲ್ಲೆಯನ್ನು ನನ್ನ ಕಟ್ಟಿಗೆಯ ಕೌಂಟರಿನ ಮೇಲಿಟ್ಟರೆ ಕೆಲಸ ಮಾಡುತ್ತದೆ, ಬಾನೆಟ್ಟಿನ ಮೇಲಿಟ್ಟರೆ ಹೆಣದಂತೆ ಬಿದ್ದುಕೊಳ್ಳುತ್ತದೆ. ತಪ್ಪು ನನ್ನದೇ. ಸಾದಾ ಬಿಲ್ಲೆ ಲೋಹದ ಮೇಲೆ ನಡೆಯುವುದಿಲ್ಲ, ಅದಕ್ಕೆ ಬೇರೆ ಬಿಲ್ಲೆಯೇ ಬೇಕು. ಅದನ್ನೇ ಬಿಡಿಸಿ ಹೇಳಲು ಹೋಗಿ, ಇದಕ್ಕೆ ಕಬ್ಬಿಣ ಆಗಿಬರುವುದಿಲ್ಲ ಅಂದುಬಿಟ್ಟೆ.

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೈತರು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದರು. "ಉಸಿರಿಲ್ಲ, ಉಣ್ಣೂದಿಲ್ಲ, ಹೇಳಿದ ಕೆಲಸ ಮಾಡ್ತೈತಿ, ಕಬ್ಬಿಣ ಕಂಡ್ರ ಹೆದರತೈತಿ. ಅದಕ್ಕ ನಮ್ಮೂರಾಗ ಬ್ಯಾರೆ ಹೆಸರೈತ್ರಿ," ಅಂದರು.

ಬೆನ್ನಿಗೆ ಕಪ್ಪು ಪದರ ಇರುವ, ಲೋಹಕ್ಕೆಂದೇ ಮಾಡಿದ ಬಿಲ್ಲೆ ಹಚ್ಚಿ ತೋರಿಸಿದೆ, ಕೆಲಸ ಮಾಡಿತು, ಅವರು ಸಮಾಧಾನವಾಗಿ ಹೋದರು. ಪಕ್ಕದ ಬಳೆ ಅಂಗಡಿಯ ಅವ್ವನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಚಿಲ್ಲರೆ ಕೇಳಲು ನನ್ನ ಅಂಗಡಿಗೆ ಬಂದಾಗಲೆಲ್ಲ ಮೊದಲು ಕೌಂಟರಿನ ಮೇಲೆ ತಮ್ಮ ಕೀಲಿಕೈ ಗೊಂಚಲು ಇಟ್ಟೇ ಮಾತಾಡುತ್ತಾರೆ.

೩. ಎರಡು ಸೆಕೆಂಡಿನ ಕೆಲಸ

ಇದು ನಗುವಂಥದ್ದೂ ಹೌದು, ನನಗೆ ಬುದ್ಧಿ ಕಲಿಸಿದ್ದೂ ಹೌದು. ನಮ್ಮ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಹೊಸ ಸೀರೆಗಳ ಫೋಟೋ ತೆರೆಯುವ ಬಿಲ್ಲೆ ಹಚ್ಚಿದ್ದೆ. ಗಿರಾಕಿಗಳು ತಾವೇ ಫೋನು ತಾಗಿಸಿ ನೋಡುತ್ತಿದ್ದರು. ಒಂದು ದಿನ ಮಾಲೀಕರು ನಗುತ್ತ ಬಂದು, ಬಹುಮಾನದ ಯೋಜನೆ ಹಾಕಿದ್ದು ಒಳ್ಳೆಯದಾಯಿತು, ಮೊದಲೇ ಹೇಳಬಾರದಿತ್ತೆ ಅಂದರು.  ನಾನು ಯಾವ ಬಹುಮಾನವನ್ನೂ ಹಾಕಿರಲಿಲ್ಲ.

ಹೋಗಿ ನೋಡಿದರೆ ಯಾರೋ ಬಂದು ನನ್ನ ಬಿಲ್ಲೆಯ ಮೇಲೆ ತಮ್ಮದನ್ನು ಬರೆದು ಹೋಗಿದ್ದರು. ತಾಗಿಸಿದರೆ ಸೀರೆಯ ಬದಲು, ನಿಮಗೆ ಬಹುಮಾನ ಬಂದಿದೆ, ನಂಬರ್ ಹಾಕಿ, ಓಟಿಪಿ ಹಾಕಿ ಅನ್ನುವ ಪುಟ. ಪುಣ್ಯಕ್ಕೆ ಅದಕ್ಕೆ ಮೊದಲು ಸಿಕ್ಕವರು ಲಕ್ಷ್ಮೇಶ್ವರದಿಂದ ಮದುವೆ ಜವಳಿಗೆ ಬಂದ ಅಜ್ಜಿಯೊಬ್ಬರು. ಅಂಗಡಿಯವರು ಮೊದಲು ಸೀರೆ ತೋರಿಸಲಿ, ಮನಸ್ಸಿಗೆ ಬಂದರೆ ಆಮೇಲೆ ಓಟಿಪಿ ತೋರಿಸೋಣ ಅಂತ ಮೊಮ್ಮಗಳ ಫೋನನ್ನು ಕಸಿದು ಚೀಲಕ್ಕೆ ಹಾಕಿಕೊಂಡಿದ್ದರಂತೆ. ಆ ಅಜ್ಜಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮಾಲೀಕರಿಗೆ ಎಲ್ಲ ವಿವರಿಸಿದೆ. ಬೀಗ ಹಾಕದ ಬಿಲ್ಲೆಯ ಮೇಲೆ ಯಾರು ಬೇಕಾದರೂ ಪುಕ್ಕಟೆ ಸಿಗುವ ಆ್ಯಪಿನಿಂದ ಎರಡು ಸೆಕೆಂಡಿನಲ್ಲಿ ಬರೆಯಬಹುದು; ಬರೆದು ಬೀಗ ಹಾಕಿದರೆ ಮುಗಿಯಿತು, ಬರೆದ ನನಗೂ ಅದನ್ನು ತಿದ್ದಲು ಬರುವುದಿಲ್ಲ; ಬೀಗ ಹಾಕದೆ ಬಿಟ್ಟಿದ್ದು ನನ್ನ ತಪ್ಪು. ಅವರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. ಎದುರಿನ ಸೀರೆ ಅಂಗಡಿಗೂ ನೀನೇ ಬಿಲ್ಲೆ ಹಚ್ಚಿದ್ದೇನು ಅಂದರು. ಹೌದು ಅಂದೆ. ಅದಕ್ಕೆ ಬೀಗ ಹಾಕಿದ್ದೀಯಾ ಅಂದರು. ಇಲ್ಲ, ಈಗ ಅಲ್ಲಿಗೇ ಹೊರಟಿದ್ದೇನೆ ಅಂದೆ.

"ಜಲ್ದಿ ಏನೈತಿ, ಚಾ ಕುಡದು ಹೋಗು," ಅಂದು ತಮ್ಮ ಫೋನು ಹಿಡಿದು ರಸ್ತೆ ದಾಟಲು ಎದ್ದೇಬಿಟ್ಟರು.

೪. ಎರಡು ಕೈ

ಅಂದಿನಿಂದ ಬೀಗ ಹಾಕದ ಬಿಲ್ಲೆ ನನ್ನ ಕೈಯಿಂದ ಹೊರಗೆ ಹೋಗಲಿಲ್ಲ. ಅಷ್ಟರಲ್ಲಿ ಮದುವೆಯ ಪತ್ರಿಕೆ ಅಚ್ಚಾಗಿ ಬಂತು. ಪ್ರತಿ ಪತ್ರಿಕೆಗೂ ಬಿಲ್ಲೆ ಹಾಕೋಣ, ತಾಗಿಸಿದರೆ ಕಲ್ಯಾಣಮಂಟಪದ ದಾರಿ ತೆರೆದುಕೊಳ್ಳುತ್ತದೆ ಅಂದೆ. ಮಾವ ದಲಾಲಿ ಅಂಗಡಿ ನಡೆಸಿದವರು, ಕಣ್ಣಿಗೆ ಕಾಣದ್ದನ್ನು ನಂಬುವವರಲ್ಲ. "ನಕಾಶಿ ಯಾರಿಗೆ ತಿಳೀತೈತ್ರಿ ಅಳಿಯಂದ್ರ? ದಾರಿ ಗೊತ್ತಾಗಲಿಲ್ಲಂದ್ರ ನನಗಽ ಫೋನ್ ಮಾಡ್ಲಿ, ನನ್ನ ನಂಬರ್ ಹಾಕ್ರಿ," ಅಂದರು. ಆಯಿತು ಅಂತ ಅವರ ನಂಬರನ್ನೇ ಬರೆದೆ. ತಾಗಿಸಿದರೆ ನಂಬರು ಪರದೆಯ ಮೇಲೆ ಬರುತ್ತದೆ, ಹಸಿರು ಗುಂಡಿ ಒತ್ತಿದರೆ ಕರೆ ಹೋಗುತ್ತದೆ. ಪತ್ರಿಕೆಯ ಮೇಲ್ಗಡೆ ಉಬ್ಬಿದ ಬಂಗಾರದ ಬಣ್ಣದ ಗಣಪತಿ ಇದ್ದ. ಅವನ ಬೆನ್ನಿಗೆ ಬಿಲ್ಲೆ ಅಂಟಿಸಿ, ಒಂದೊಂದಕ್ಕೂ ಬೀಗ ಹಾಕಿದೆ.

ಹಂಚುವಾಗ ಮಾವನಿಗೆ ಮೊದಲ ದಿನ ಹಿಗ್ಗೋ ಹಿಗ್ಗು. ಏನು ಮಂದಿ, ಪತ್ರಿಕೆ ಮುಟ್ಟಿದ ಗಳಿಗೆಯಲ್ಲೇ ಫೋನ್ ಮಾಡಿ ಮಾತಾಡಿಸುತ್ತಾರೆ ಅಂದರು. ಎರಡನೆಯ ದಿನ ಕಿವಿ ಬಿಸಿಯಾಗಿದೆ ಅಂದರು. ಮೂರನೆಯ ದಿನ, ಫೋನ್ ಮಾಡಿದವರೆಲ್ಲ ಹೇಳಿರಿ ಅನ್ನುತ್ತಾರೆ, ನೀವು ಹೇಳಿರಿ ಅಂದರೆ ನೀವೇ ಹೇಳಿರಿ ಅನ್ನುತ್ತಾರೆ, ಬಾಳೆಹೊಸೂರಿನ ಬೀಗರ ಜೊತೆ ಹೀಗೇ ಅಂದು ಅಂದು ಕಡೆಗೆ ಶೇಂಗಾದ ಧಾರಣೆ ಮಾತಾಡಿ ಇಟ್ಟೆ ಅಂದರು.

ನನಗೆ ಕಾರಣ ಹೊಳೆದದ್ದು ಆಗಲೇ. ನಮ್ಮ ಕಡೆ ಲಗ್ನಪತ್ರಿಕೆಯನ್ನು ಒಂದು ಕೈಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಈಗಿನ ಕಾಲದಲ್ಲಿ ಒಂದು ಕೈಯಲ್ಲಿ ಫೋನು ಇಲ್ಲದವರೂ ಇಲ್ಲ. ಹಾಗಾಗಿ ಫೋನು ಪತ್ರಿಕೆ ಎರಡನ್ನೂ ಸೇರಿಸಿ ಎರಡು ಅಂಗೈ ನಡುವೆ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಟಿಣ್ ಅನ್ನುತ್ತದೆ. ಕಣ್ಣು ತೆರೆದರೆ ಪರದೆಯ ಮೇಲೆ ಮಾವನ ಹೆಸರು, ಕೆಳಗೆ ಹಸಿರು ಗುಂಡಿ. ಓಹೋ, ಅವರೇ ಫೋನ್ ಮಾಡಿದ್ದಾರೆ ಅಂತ ಒತ್ತುತ್ತಾರೆ. ಅಲ್ಲಿಂದ ಕರೆ ಹೊರಡುತ್ತದೆ. ಬಿಲ್ಲೆಗಳಿಗೆಲ್ಲ ಬೀಗ ಬಿದ್ದಿತ್ತು, ತಿದ್ದುವ ಹಾಗಿರಲಿಲ್ಲ. ಮಾವನಿಗೆ ಮಂದಿಯ ಪ್ರೀತಿ ಅಂದೇ ಹೇಳಿ ಸುಮ್ಮನಾದೆ.

ಉಳಿದದ್ದು ಮುಂಡರಗಿಗೆ, ಮಾವನ ಅಣ್ಣನಿಗೆ ಕೊಡಬೇಕಾದ ಪತ್ರಿಕೆ. ಅದನ್ನು ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ, ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ಕೂತಾಗ ನನ್ನ ತಲೆಯಲ್ಲಿ ಬಿಲ್ಲೆ ಇರಲೇ ಇಲ್ಲ, ನಾದಿನಿಯ ಮುಖವೇ ಇತ್ತು. ದೊಡ್ಡ ಮಾವ ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ಕುಸ್ತಿ ನೋಡುತ್ತಿದ್ದರು. ಬರ್ರಿ ಕುಂಡ್ರಿ ಅಂದರು, ನೀರು ಕೊಡಿಸಿದರು. ಪತ್ರಿಕೆ ತೆಗೆದ ಕೂಡಲೇ ಮುಖ ಬಿಗಿಯಿತು.

"ಕಾಗದ ಯಾರು ಬೇಕಾದ್ರೂ ಕೊಡ್ತಾರ. ನಿಮ್ಮ ಮಾವ ಬಾಯಿಲೇ ಕರದಾನೇನು?"

ನಾನು ಪತ್ರಿಕೆಯನ್ನು ಮುಂದೆ ಹಿಡಿದೆ. ಮೇಲೆ ಗಣಪತಿ ಇದ್ದ ಕಾಗದವನ್ನು ಬೇಡ ಅನ್ನಲು ಅವರಿಗೆ ಬರಲಿಲ್ಲ. ಎರಡೂ ಕೈ ಚಾಚಿದರು, ಫೋನಿನ ಸಮೇತ ಹಿಡಿದರು, ಕಣ್ಣಿಗೆ ಒತ್ತಿಕೊಂಡರು. ಟಿಣ್ ಅಂತು.

ಕಣ್ಣು ತೆರೆದು ಪರದೆ ನೋಡಿದರು. ತಮ್ಮ ಅಂತ ಇತ್ತು. ಏಳು ವರ್ಷ ಮಾತು ಬಿಟ್ಟ ಮನುಷ್ಯ ಆ ಹೆಸರನ್ನು ಅಳಿಸಿರಲಿಲ್ಲ. ಒಳಗೆ ತಿರುಗಿ, "ಏ ಕೇಳಿಲ್ಲಿ, ತಮ್ಮ ಫೋನ್ ಮಾಡ್ಯಾನ," ಅಂದರು. 

ಇನ್ನೊಂದು ದಿನವಾಗಿದ್ದರೆ ಬಿಲ್ಲೆ, ಚಿಪ್, ತಂತಿಯ ಸುರುಳಿ ಅಂತ ನಾನು ಅರ್ಧ ತಾಸು ವಿವರಿಸುತ್ತಿದ್ದೆ. ಅಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಅವರು ಹಸಿರು ಗುಂಡಿ ಒತ್ತಿದರು. ಸ್ಪೀಕರ್ ಹಾಕದೆ ಮಾತಾಡಿ ಅವರಿಗೆ ರೂಢಿಯಿಲ್ಲ, ಎಲ್ಲ ನನಗೂ ಕೇಳಿಸಿತು.

"ಹೇಳಪಾ," ಅಂದರು ದೊಡ್ಡ ಮಾವ.

"ನೀ ಹೇಳಣ್ಣ," ಅಂದರು ಶಿರಹಟ್ಟಿಯಿಂದ ಮಾವ.

"ನಂದೇನೈತಿ, ನೀ ಹೇಳು."

 ಶಿರಹಟ್ಟಿಯ ಅಡುಗೆಮನೆಯ ಕುಕ್ಕರು ಒಂದು ಸಲ ಕೂಗಿದ್ದು ಮುಂಡರಗಿಗೆ ಕೇಳಿಸಿತು.

"ಉಂಡ್ಯಾ?" ಅಂದರು ದೊಡ್ಡ ಮಾವ.

"ಇನ್ನಾ ಇಲ್ಲ," ಅಂದರು ಮಾವ. "ಅಣ್ಣಾ, ನೀ ಬರಲಿಲ್ಲಂದ್ರ ಹುಡುಗಿ ಅಕ್ಷತಿಗೆ ನಿಂದ್ರಾಕ ಒಲ್ಲೆ ಅಂತಾಳ."

"ಬರದಽ ಏನ್ ಮಾಡ್ಲಿ. ನಾಕು ದಿನ ಮೊದಲಽ ಬರ್ತೀನಿ."

ಬಾಗಿಲಲ್ಲಿ ನಿಂತಿದ್ದ ದೊಡ್ಡತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಮುಚ್ಚಿಡುವುದೇನಿದೆ. ಫೋನಿಟ್ಟ ಮೇಲೆ ದೊಡ್ಡ ಮಾವ ಮೀಸೆ ತೀಡಿ, ಎಷ್ಟಾದರೂ ಸಣ್ಣವನಲ್ಲವೇ, ತಾನೇ ಬಾಗಿದ ಅಂದರು. ಸಂಜೆ ಶಿರಹಟ್ಟಿಗೆ ಹೋದರೆ ಮಾವ ಅದೇ ಥರ ಮೀಸೆ ತೀಡುತ್ತ, ಎಷ್ಟಾದರೂ ಹಿರಿಯನಲ್ಲವೇ, ಸೋತು ಫೋನ್ ಮಾಡಿದ ಅಂದರು. ನಾನು ಇಬ್ಬರಿಗೂ ಹೌದು ಅಂದೆ.

ಮದುವೆ ಚಂದವಾಗಿ ಆಯಿತು. ನಾದಿನಿ ನಗುತ್ತ ಅಕ್ಷತೆಗೆ ನಿಂತಳು, ಮೊದಲ ಅಕ್ಷತೆ ಹಾಕಿದವರು ದೊಡ್ಡಪ್ಪನೇ. ಊಟದ ಪಂಕ್ತಿಯಲ್ಲಿ ಅಣ್ಣತಮ್ಮಂದಿರು ಪಕ್ಕಪಕ್ಕ ಕೂತರು, ನಾನು ಹೋಳಿಗೆ ಬಡಿಸುತ್ತ ಬಂದೆ. ಅಲ್ಲೇ ಶುರುವಾಯಿತು. ಮೊದಲು ಫೋನ್ ಮಾಡಿದ್ದು ನೀನು, ಅಲ್ಲ ನೀನು. ಇಬ್ಬರೂ ಫೋನು ಹೊರಗೆ ತೆಗೆದರು. ಕರೆ ಹೋದದ್ದು ಮುಂಡರಗಿಯಿಂದ ಅಂತ ದಾಖಲೆ ಹೇಳುತ್ತಿತ್ತು. ತಾನು ಜನ್ಮದಲ್ಲಿ ಡಯಲ್ ಮಾಡಿಲ್ಲ ಅಂತ ದೊಡ್ಡ ಮಾವ ಅನ್ನದ ಮೇಲೆ ಆಣೆ ಇಟ್ಟರು. ಪಂಕ್ತಿಯ ಕೈಗಳೆಲ್ಲ ನಿಂತವು.

"ಅಳಿಯಂದ್ರ, ನೀವು ಫೋನಿನವ್ರು," ಅಂದರು ದೊಡ್ಡ ಮಾವ. "ಖರೇ ಹೇಳ್ರಿ, ಮೊದಲು ಮಾಡಿದಾಂವ ಯಾರು?"

ಶುಭಕಾರ್ಯದ ದಿನ, ಕೈಯಲ್ಲಿ ಹೋಳಿಗೆ ಹಿಡಿದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಗಣಪತಿ ಮಾಡಿದ್ದು ಅಂದೆ. ಇಬ್ಬರೂ ಮಾತು ನಿಲ್ಲಿಸಿ ಗಲ್ಲ ಮುಟ್ಟಿಕೊಂಡರು. ಪಾರಾದೆ ಅಂತ ಮುಂದಿನ ಎಲೆಗೆ ಸರಿಯುವಷ್ಟರಲ್ಲಿ ನನ್ನ ಮಾವ, ಎಷ್ಟೆಂದರೂ ದಲಾಲಿಯವರು, ತುತ್ತು ಕೆಳಗಿಟ್ಟು ಕೇಳಿದರು.

"ಗಣಪ್ಪಗ ನನ್ನ ನಂಬರ್ ಕೊಟ್ಟಾಂವ ಯಾರ್ರೀ?"

"ನೀವಽ ರೀ ಮಾವಾರ," ಅಂದೆ.

ದೊಡ್ಡ ಮಾವ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದರು. "ನಾ ಹೇಳಿದ್ನಲ್ಲ. ಮೊದಲು ಕರದಾಂವ ನನ್ನ ತಮ್ಮಽ."