ಇಲ್ಲದ ಮೂರು ವರ್ಷಗಳಿಗೂ ಸಂಬಳ ಹಂಚಿದ ಮಾನ್ಯರಿಗೆ

ಈರಿ ಹಾರ್ಬರ್‌ಮೆನ್ ಅಮೆರಿಕನ್ ಫುಟ್‌ಬಾಲ್ ತಂಡದ ಒಪ್ಪಂದ ವ್ಯವಹಾರಗಳ ಮುಖ್ಯಸ್ಥರಾದ ಶ್ರೀ ವಿಟ್ಲಾಕ್ ಪಿಮ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕ್ಯಾಲ್ಕುಲೇಟರೂ ಕ್ಷೇಮವಾಗಿರುವಿರೆಂದು ನಂಬಿ, ಮರಿಯೆಟಾ ಡಬ್ರೊಸ್ಕಿ ಎಂಬ ನಾನು ಮಾಡಿಕೊಳ್ಳುವ ಅರಿಕೆ. ಒಂಬತ್ತು ವರ್ಷ ತಮ್ಮ ತಂಡದ ಸೆಂಟರ್ ಆಗಿ ಬಗ್ಗಿ ನಿಂತು, ಕಾಲುಗಳ ಸಂದಿನಿಂದ ಚೆಂಡನ್ನು ಹಿಂದೆ ನಿಂತು ಅದನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೈಗೆ ದಾಟಿಸಿ, ಅವನ ಮೇಲೆ ಬೀಳಬೇಕಾದ ಗುದ್ದುಗಳನ್ನೆಲ್ಲ ತಾನೇ ತಿನ್ನುತ್ತಿದ್ದ ಟ್ಯಾಡ್ ಡಬ್ರೊಸ್ಕಿಯ ಹೆಂಡತಿ ನಾನು. ತಾವು ಅವನ ಬೆನ್ನನ್ನಷ್ಟೇ ಕಂಡಿರುವ ಸಾಧ್ಯತೆ ಇರುವುದರಿಂದ ಇಷ್ಟು ಪರಿಚಯ.

ಕಳೆದ ಮಾರ್ಚಿನಲ್ಲಿ ತಾವು ಮೆರೆದ ಜಾಣ್ಮೆಗೆ ಮೊದಲು ಅಭಿನಂದನೆ. ಒಂದು ತಂಡ ಆಟಗಾರರ ಮೇಲೆ ವರ್ಷಕ್ಕೆ ಇಂತಿಷ್ಟೇ ಖರ್ಚು ತೋರಿಸಬೇಕೆಂದು ಲೀಗ್ ಮಿತಿ ಹಾಕಿದೆ. ತಾವಾದರೋ ಆ ಮಿತಿಯನ್ನು ದಾಟಿ ಕುಳಿತಿದ್ದಿರಿ. ಆಗ ನಮ್ಮ ತಾರೆ, ಕ್ವಾರ್ಟರ್‌ಬ್ಯಾಕ್ ಕೋಲ್ಟರ್ ರೇನ್ಸ್‌ನನ್ನು ಕರೆಸಿ, ಅವನ ಈ ವರ್ಷದ ಸಂಬಳದಲ್ಲಿ ಎರಡೂವರೆ ಕೋಟಿ ಡಾಲರನ್ನು ಬೋನಸ್ ಎಂದು ಹೆಸರು ಬದಲಿಸಿ ಒಂದೇ ಗಂಟಿನಲ್ಲಿ ಕೊಟ್ಟು, ಲೆಕ್ಕದ ಪುಸ್ತಕದಲ್ಲಿ ಮಾತ್ರ ಐದು ವರ್ಷಕ್ಕೆ ಹಂಚಿಬಿಟ್ಟಿರಿ. ಅವನ ಒಪ್ಪಂದದಲ್ಲಿ ಉಳಿದಿದ್ದುದೇ ಎರಡು ವರ್ಷ. ಮಿಕ್ಕ ಮೂರು, ಅವನು ತಂಡದಲ್ಲೇ ಇರದ, ಖರ್ಚು ಬರೆಯಲೆಂದೇ ಹುಟ್ಟಿಸಿದ ಖಾಲಿ ವರ್ಷಗಳು. ಹೀಗೆ ಕೋಲ್ಟರ್‌ಗೆ ಒಂದು ಡಾಲರೂ ಕಡಿಮೆಯಾಗದೆ ತಮಗೆ ಎರಡು ಕೋಟಿಯ ಜಾಗ ಸಿಕ್ಕಿತು.

ಆ ವಾರದ ಗುರುವಾರ ಎಂದಿನಂತೆ ಕೋಲ್ಟರ್ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ತಟ್ಟೆಗೆ ಕೈ ಹಾಕುವ ಮೊದಲೇ, "ಟ್ಯಾಡ್, ಈ ದುಡ್ಡಲ್ಲಿ ನಿನ್ನ ಉಳಿಸ್ಕೋತಾರಂತೆ. ಅದಕ್ಕೇ ಸೈನ್ ಹಾಕ್ದೆ ಕಣೋ" ಎಂದ. ಟ್ಯಾಡ್ ಅವನ ತಟ್ಟೆಗೆ ಇನ್ನೆರಡು ಪಿರೋಗಿ ಕಡುಬು ಬಡಿಸಿದ. ನನ್ನ ಗಂಡ ಸಂತೋಷ ತೋರಿಸುವುದು ಬಡಿಸಿಯೇ.

ಅದಾದ ಐದನೆಯ ದಿನ ಟ್ಯಾಡ್ ಪಕ್ಕದ ಮನೆಯ ಮುದುಕಿಯ ಬಾಗಿಲಿನ ಹಿಮ ಎತ್ತಿಹಾಕುತ್ತಿರುವಾಗ ತಮ್ಮ ಕಚೇರಿಯ ಫೋನು ಬಂತು. ವಯಸ್ಸು ಮೂವತ್ನಾಲ್ಕಾಯಿತು, ಕೆಲಸದಿಂದ ಬಿಡುಗಡೆ, ಶುಭವಾಗಲಿ ಎಂದು ತಿಳಿಸಿದಿರಂತೆ. ಅವನು ಬಾಗಿಲ ಹಿಮವನ್ನು ಪೂರ್ತಿ ತೆಗೆದೇ ಮನೆಗೆ ಬಂದ. ಸಂಜೆಯ ಸುದ್ದಿಯಲ್ಲಿ ನೋಡಿದರೆ, ಕೋಲ್ಟರ್‌ನ ಸಹಿಯಿಂದ ಉಳಿದ ದುಡ್ಡಿಗೆ ಟೆಕ್ಸಾಸಿನಿಂದ ಬಂದ, ಚೆಂಡು ಹಿಡಿದು ಓಡುವ ಆಟಗಾರನೊಬ್ಬ ಹೊಸ ಜರ್ಸಿ ಹಿಡಿದು ನಗುತ್ತಿದ್ದ.

ಕೋಲ್ಟರ್ ಹಿತ್ತಲ ಮೆಟ್ಟಿಲವರೆಗೆ ಬಂದು ಅಲ್ಲೇ ನಿಂತ. "ನನ್ನ ಸೈನ್ ತೋರಿಸಿ ನಿನ್ನ ಕಿತ್ತಾಕಿದ್ರಲ್ಲೋ" ಎಂದ. "ನಿನ್ನ ಸಂಬಳ ಪುಸ್ತಕದಲ್ಲಿ ಇನ್ನೈದು ವರ್ಷ ಓಡತ್ತೆ. ಮೊಣಕಾಲು ಓಡತ್ತಾ ನೋಡ್ಕೋ. ಒಳಗೆ ಬಾ, ಚಳಿ" ಎಂದ ನನ್ನ ಗಂಡ.

ಮಾನ್ಯರೇ, ತಮ್ಮ ವಿದ್ಯೆಯಲ್ಲಿ ನನಗೆ ಪೂರ್ಣ ಭಕ್ತಿ ಹುಟ್ಟಿದೆ. ಆದ್ದರಿಂದ ಟ್ಯಾಡ್‌ನ ಮೂವತ್ನಾಲ್ಕು ವರ್ಷಗಳಲ್ಲಿ ಹನ್ನೆರಡನ್ನು ಬೋನಸ್ ಎಂದು ಕರೆದು ಮುಂದಿನ ಖಾಲಿ ವರ್ಷಗಳಿಗೆ ಹಂಚಿ, ಅವನನ್ನು ಇಪ್ಪತ್ತೆರಡರ ಹುಡುಗನನ್ನಾಗಿ ಮಾಡಿಕೊಡಬೇಕೆಂದು ಕೋರುತ್ತೇನೆ. ಒಂಬತ್ತು ವರ್ಷದಲ್ಲಿ ಸವೆದ ಅವನ ಕುತ್ತಿಗೆಯ ಮೂಳೆಯನ್ನೂ ಹೀಗೆಯೇ ಹಂಚಿದರೆ ಬೆಳಿಗ್ಗೆ ಶರ್ಟು ಹಾಕಿಕೊಳ್ಳುವುದು ಸುಲಭವಾದೀತು. ಅದೂ ಆಗದಿದ್ದರೆ, ಕೋಲ್ಟರ್ ಇರದ ಆ ಮೂರು ವರ್ಷಗಳಿಗಾದರೂ ಇವನನ್ನು ನೇಮಿಸಿಕೊಳ್ಳಿ. ಇಲ್ಲದವನ ಕೈಗೆ ಚೆಂಡು ದಾಟಿಸಿಕೊಂಡು ಅವನು ತೃಪ್ತನಾಗಿರುತ್ತಾನೆ.

ಆಟ ಶುರುವಾದ ಮೇಲೆ ಕೋಲ್ಟರ್ ಮೊದಲ ಪಂದ್ಯದಲ್ಲೇ ಎದುರಾಳಿಗಳ ಗುದ್ದಿಗೆ ಏಳು ಸಲ ನೆಲ ಕಂಡ. ಟ್ಯಾಡ್ ಮೂರನೆಯದಕ್ಕೆ ಟಿವಿ ಆರಿಸಿ ಎದ್ದುಹೋದ. ಅಕ್ಟೋಬರ್ ಬರುವಷ್ಟರಲ್ಲಿ ತಮ್ಮ ಹೊಸ ಸೆಂಟರ್ ಕಣಕಾಲು ಮುರಿದುಕೊಂಡ. ತಾವು ಫೋನು ಮಾಡಿ, ತಂಡವೆಂದರೆ ಒಂದು ಕುಟುಂಬ, ಅತ್ಯಂತ ಕಡಿಮೆ ಸಂಬಳಕ್ಕೆ ಆರು ವಾರ ಬಂದುಹೋಗಲಿ ಎಂದು ನನಗೇ ಹೇಳಿದಿರಿ. ಅದೇ ವಾರ ಟೊಲೆಡೊ ತಂಡದವರು ಎರಡು ವರ್ಷಕ್ಕೆ ಕರೆದಿದ್ದರು. ಆ ಎರಡೂ ಕ್ಯಾಲೆಂಡರಿನಲ್ಲಿರುವ ವರ್ಷಗಳೇ ಎಂದು ನಾನು ವಕೀಲರಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ.

ಆದರೂ ಟ್ಯಾಡ್ ತಮ್ಮ ಕಡೆಗೇ ವಾಲಿದ್ದ. ಚೀಲಕ್ಕೆ ಬೂಟು ಹಾಕಿಕೊಂಡು, "ಕೋಲ್ಟರ್ ಸಾಯ್ತಾನೆ ಕಣೇ ಅಲ್ಲಿ" ಎಂದಷ್ಟೇ ಹೇಳಿ ಕಾರಿನಲ್ಲಿ ಕುಳಿತ, ಹೊರಡಲಿಲ್ಲ. ಕೊನೆಗೆ ಕೋಲ್ಟರ್‌ಗೆ ನಾನೇ ಫೋನು ಹಚ್ಚಿ ಕಿಟಕಿಯೊಳಗೆ ಕೊಟ್ಟೆ. "ಬರಬೇಡ. ಹೊಸಬನ ಕಾಲು ಸರಿಹೋದ್ರೆ ಮತ್ತೆ ಕಿತ್ತಾಕ್ತಾರೆ. ಟೊಲೆಡೊಗೆ ಹೋಗು, ಗುದ್ದು ಬೀಳೋ ಮೊದಲೇ ನಾನು ಬೇಗ ಬೇಗ ಚೆಂಡು ಎಸೀತೀನಿ ಬಿಡು" ಎಂದು ಅವನು ಹೇಳಿದ್ದು ನನಗೂ ಕೇಳಿಸಿತು. ಟ್ಯಾಡ್ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟ. ಆಮೇಲೆ ಕಾರು ಪಶ್ಚಿಮಕ್ಕೆ, ಟೊಲೆಡೊ ಕಡೆಗೆ ತಿರುಗಿತು.

ತಮ್ಮ ಕುಟುಂಬದಿಂದ ಈಗಷ್ಟೇ ಬಿಡುಗಡೆ ಹೊಂದಿದ,
ತಮ್ಮ ವಿಶ್ವಾಸಿ,
ಮರಿಯೆಟಾ ಡಬ್ರೊಸ್ಕಿ

ಮರೆತ ಮಾತು: ಮುಂದಿನ ಭಾನುವಾರ ಟೊಲೆಡೊ ತಂಡ ತಮ್ಮ ಮೈದಾನಕ್ಕೆ ಆಡಲು ಬರುತ್ತಿದೆ. ಮುಂದಿನ ನಡೆ ತಿಳಿಸಲು ಕೋಲ್ಟರ್ ಕೂಗುವ ಗುಟ್ಟಿನ ಸಂಕೇತಗಳೆಲ್ಲ ಟ್ಯಾಡ್‌ಗೆ ಬಾಯಿಪಾಠ. ನನ್ನ ಗಂಡ ಸಜ್ಜನನಾದ್ದರಿಂದ ಅವನ್ನು ಬದಲಿಸಿಕೊಳ್ಳಲು ಕೋಲ್ಟರ್‌ಗೆ ತಾನೇ ಹೇಳಿದ. ಆಗುವುದಿಲ್ಲವಂತೆ, ತಾವು ತಂದ ಹುಡುಗರಿಗೆ ಇವನ್ನು ಕಲಿಯುವುದಕ್ಕೇ ನಾಲ್ಕು ತಿಂಗಳು ಹಿಡಿಯಿತಂತೆ. ಆ ದಿನ ತಂಡಕ್ಕೆ ಬೀಳುವ ಪೆಟ್ಟನ್ನು ಎಷ್ಟು ವರ್ಷಕ್ಕೆ ಹಂಚುವುದೆಂದು ದಯವಿಟ್ಟು ಈಗಲೇ ಯೋಚಿಸಿಡಿ.